ಮೊದಲು ಹೋದ ಸ್ಟೂಲು

ಸ್ಟೂಲನ್ನು ಎಲ್ಲಕ್ಕಿಂತ ಮೊದಲು ಕೊಟ್ಟಿದ್ದೇ ತಪ್ಪಾಯಿತು.

ಬೆಳಿಗ್ಗೆ ಎದುರು ಮನೆಯ ರೇಡಿಯೋ ಆಂಟಿ ಬಾಗಿಲಲ್ಲಿ ನಿಂತು, "ನಿಮ್ಮ ನೆನಪಿಗೆ ಏನಾದ್ರೂ ಚಿಕ್ಕದು ಕೊಡಿ" ಎಂದಾಗ ಲೈಬ್ರರಿಯಮ್ಮನ ಕೈಗೆ ಸಿಕ್ಕಿದ್ದು ಅದೇ. ಆಂಟಿ ಅದನ್ನು ಮಗುವಿನ ಹಾಗೆ ಸೊಂಟಕ್ಕೇರಿಸಿಕೊಂಡು ಹೋದರು. ಒಂದು ಭಾರ ಇಳಿಯಿತು ಎಂದು ಲೈಬ್ರರಿಯಮ್ಮ ಕೈ ಕೊಡವಿ ತಲೆಯೆತ್ತಿದರೆ, ಅಟ್ಟದ ತುಂಬ ಸಾಮಾನು ಕೂತು ಅವಳನ್ನೇ ನೋಡುತ್ತಿತ್ತು. ಹತ್ತುವುದಕ್ಕೆ ಮನೆಯಲ್ಲಿದ್ದದ್ದು ಆ ಸ್ಟೂಲೊಂದೇ.

ಇದೆಲ್ಲ ಶುರುವಾಗಿದ್ದು ಅವಳ ಗಂಡನಿಂದ. ಡ್ರೈವಿಂಗ್ ಸ್ಕೂಲಿನ ಮೇಷ್ಟರು ಅವನು. ಒಂದೇ ಮೈದಾನದಲ್ಲಿ ಜನರಿಂದ ಎಂಟು ಹೊಡೆಸಿ ಹೊಡೆಸಿ ಸಾಕಾಗಿ, ಒಂದು ದಿನ ಊಟದ ಮಧ್ಯೆ ಘೋಷಿಸಿಬಿಟ್ಟ: "ಎಲ್ಲ ಬಿಟ್ಟು ಹೊರಡೋಣ. ವಿಮಾನ ಬೇಡ, ಹಡಗು ಬೇಡ. ರಸ್ತೆ ಎಲ್ಲಿತನಕ ಇದೆಯೋ ಅಲ್ಲಿತನಕ." ಹಳೆಯ ಸ್ಕೂಲ್ ವ್ಯಾನ್ ಬಂತು. ಅದರೊಳಗೆ ಮಲಗುವ ಹಲಗೆ ಬಂತು, ನಡುವೆ ಒಂದು ಪರದೆ ಬಂತು. ತಲೆಗೊಂದು ಚೀಲ, ಮಿಕ್ಕಿದ್ದೆಲ್ಲ ದಾನ. "ವಸ್ತು ಅಂದ್ರೆ ಭಾರ ಕಣೇ, ಹಗುರಾಗು" ಎಂದು ಅವನು ಒರಗು ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಹೇಳುತ್ತಿದ್ದ. ಹಗುರಾಗುವ ಕೆಲಸವೆಲ್ಲ ಅವಳ ತಲೆಗೆ ಬಂದಿತ್ತು.

ಮೊದಲು ಅವಳು ಒಪ್ಪಿರಲಿಲ್ಲ. ಆಮೇಲೊಂದು ಸಂಜೆ ಪಾತ್ರೆ ತೊಳೆಯುತ್ತ, ಅಡುಗೆಮನೆಯ ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆಯನ್ನೂ ಅದರ ಮೇಲಿನ ಪೈಪನ್ನೂ ನೋಡುತ್ತಿದ್ದಾಗ, ಮದುವೆಯಾಗಿ ಬಂದಾಗಿನಿಂದ ತಾನು ಕಂಡ ಪ್ರಪಂಚ ಇಷ್ಟೇ ಅಲ್ಲವೇ ಅನ್ನಿಸಿತು. ದೇಶದೇಶದ ಪುಸ್ತಕಗಳಿಗೆ ಸೀಲು ಹೊಡೆದು ಬೇರೆಯವರ ಕೈಗೆ ಕೊಟ್ಟಿದ್ದೇ ಬಂತು. ಮರುದಿನವೇ ಲೈಬ್ರರಿಯ ಕೆಲಸ ಬಿಟ್ಟಳು. ಈಗ ಆ ಮನೆಯಲ್ಲಿ ಹೊರಡುವ ತವಕ ಎಲ್ಲರಿಗಿಂತ ಹೆಚ್ಚಾಗಿದ್ದದ್ದು ಅವಳಿಗೇ. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೆ ಗಂಡ, "ನಾನು ಹೇಳ್ಲಿಲ್ವಾ?" ಅನ್ನುತ್ತಿದ್ದ.

ಸಂಜೆ ನಾಲ್ಕಕ್ಕೆ ಮನೆ ಖಾಲಿ ಮಾಡಿ ಹೊರಡುವುದೆಂದು ಗೊತ್ತಾಗಿತ್ತು. ಅವಳು ಎದುರು ಮನೆಯ ಬಾಗಿಲು ತಟ್ಟಿದಳು.

"ಅಕ್ಕಾ, ಆ ಸ್ಟೂಲು ಐದು ನಿಮಿಷ ಕೊಡ್ತೀರಾ?"

"ಈಗಷ್ಟೇ ಕೊಟ್ರಲ್ಲ!"

"ಅಟ್ಟದಿಂದ ಸಾಮಾನು ಇಳಿಸ್ಬೇಕಿತ್ತು…"

"ಕೊಡೋಕೆ ಮನಸ್ಸಿಲ್ಲದಿದ್ರೆ ಹೇಳ್ಬಿಡಿ. ನಂಗೇನೂ ಬೇಜಾರಿಲ್ಲ." ಬೇಜಾರು ಆಂಟಿಯ ಮುಖದ ಮೇಲೆ ಹಿಂಡದ ಬಟ್ಟೆಯ ಹಾಗೆ ನೇತಾಡುತ್ತಿತ್ತು.

ಸ್ಟೂಲು ಸಿಕ್ಕಿತು, ಅಟ್ಟದ ಸಾಮಾನು ಇಳಿಯಿತು. ಗಂಟುಗಳ ಹಗ್ಗ ಕತ್ತರಿಸಬೇಕು ಅನ್ನುವಾಗ, ಕತ್ತರಿಯನ್ನು ಕೆಳಗಿನ ಮನೆಯ ಟೈಲರಿಗೆ ಕೊಟ್ಟಿದ್ದು ನೆನಪಾಯಿತು. ಅವರು ಕತ್ತರಿ ಕೊಟ್ಟರು, ಜೊತೆಗೆ ಮಾತನ್ನೂ ಕೊಟ್ಟರು.

"ಲೈಬ್ರರಿಯವರಲ್ವೇನಮ್ಮಾ, ಅಭ್ಯಾಸ ಬಿಡಲ್ಲ. ವಾಪಸ್ ತಗೊಳ್ಳೋಕೇ ಕೊಡ್ತೀರಿ. ತಡವಾದ್ರೆ ದಂಡಾನೂ ಹಾಕ್ತೀರೇನೋ!"

ಮೆಟ್ಟಿಲ ಮೇಲೆ ಯಾರೋ ಕಿಸಕ್ಕೆಂದರು. ಲೈಬ್ರರಿಯಮ್ಮ ಹಲ್ಲು ಕಚ್ಚಿಕೊಂಡು ಮೇಲೆ ಬಂದರೆ, ಮಗಳು ಬಾಗಿಲಲ್ಲೇ ಹಿಡಿದಳು. "ಅಮ್ಮಾ, ಕನ್ನಡಿ ಕೊಟ್ಬಿಟ್ಯಾ? ನಾನಿನ್ನೂ ತಲೆ ಬಾಚಿಲ್ಲ!" ಒಳಗೆ ಅತ್ತೆಯ ಮಂಚ ಒಯ್ಯಲು ಬಂದ ಇಬ್ಬರು ಕೈಕಟ್ಟಿ ನಿಂತಿದ್ದರು. ಅತ್ತೆ ಅದರ ಮೇಲೆ ಕೂತೇ ಇದ್ದರು.

"ಏಳಿ ಅತ್ತೆ, ಮಂಚ ಕೊಟ್ಟಾಯ್ತು."

"ಎದ್ದು ಎಲ್ಲಿ ಕೂರ್ಲಿ? ಕುರ್ಚಿ ಕೊಟ್ಟಿದ್ದೀಯಲ್ಲ. ನಿನ್ ತಲೆ ಮೇಲೆ ಕೂರ್ಲಾ?"

ಹೊತ್ತಲ್ಲದ ಹೊತ್ತಲ್ಲಿ ಕೆಳಗಿನಿಂದ ಹಾರ್ನ್ ಕೇಳುತ್ತಿತ್ತು. ಗಂಡ ವ್ಯಾನಿನಲ್ಲಿ ಕೂತು ಬೆಳಗಿನಿಂದ ಅದನ್ನು ಪರೀಕ್ಷೆ ಮಾಡುತ್ತಿದ್ದ.

ಮಧ್ಯಾಹ್ನ ಊಟಕ್ಕೆ ತಟ್ಟೆಗಳಿರಲಿಲ್ಲ. ತನ್ನದೇ ತಟ್ಟೆಗಳನ್ನು ಕೇಳಲು ಅವಳು ಮೇಲಿನ ಮನೆಗೆ ಹೋದಳು. ಅಲ್ಲಿದ್ದ ನಿವೃತ್ತ ಹೆಡ್‌ಮಾಸ್ಟರೇ ಈ ಕಟ್ಟಡದ ಮಾಲೀಕರು. ಅವರು ಕನ್ನಡಕದ ಮೇಲಿಂದ ನೋಡಿದರು.

"ನಿಮ್ಮ ಮನೆಗೆ ಇನ್ನೂ ಬೇರೆಯವರನ್ನ ನೋಡಿಲ್ಲಮ್ಮ. ನಿಮ್ಮ ಓಡಾಟ ನೋಡಿದ್ರೆ ನೀವು ಹೋಗೋ ಹಾಗೆ ಕಾಣಲ್ಲ."

"ಹೋಗ್ತೀವಿ ಸಾರ್!" ಅವಳ ದನಿ ಅವಳಿಗೇ ಕರ್ಕಶವಾಗಿ ಕೇಳಿತು. "ಹೋಗೇ ಹೋಗ್ತೀವಿ!"

"ಸಿಟ್ಟು ಬೇರೆ" ಎಂದು ಹೆಡ್‌ಮಾಸ್ಟರು ತಟ್ಟೆ ತರಲು ಒಳಗೆ ಹೋದರು.

ಅಷ್ಟರಲ್ಲಿ ರೇಡಿಯೋ ಆಂಟಿಯ ವಾರ್ತೆ ಮೂರೂ ಮಹಡಿಗೆ ಪ್ರಸಾರವಾಗಿತ್ತು. "ಪಾಪ, ಅವಳಿಗೆ ಹೋಗೋಕೆ ಸುತರಾಂ ಇಷ್ಟ ಇಲ್ಲ. ಎಲ್ಲ ಗಂಡನ ಬಲವಂತ. ಬಾಯಲ್ಲಿ ಹೇಳಲ್ಲ, ಸಾಮಾನು ವಾಪಸ್ ಕೇಳಿ ತಿಳಿಸ್ತಾಳೆ!"

ನಾಲ್ಕು ಗಂಟೆಗೆ ಮನೆ ನಿಜಕ್ಕೂ ಖಾಲಿಯಾಯಿತು. ಅತ್ತೆಯನ್ನು ಕೈಹಿಡಿದು ಇಳಿಸಿ ವ್ಯಾನಿನ ಹಿಂಭಾಗದಲ್ಲಿ ಕೂರಿಸಿದಳು, ಬ್ಯಾಗನ್ನೂ ಅಲ್ಲೇ ಇಟ್ಟಳು. ಮತ್ತೆ ಮೇಲೆ ಹತ್ತಿ, ಆಂಟಿಯಿಂದ ಕೇಳಿ ತಂದ ತನ್ನದೇ ಪೊರಕೆಯಿಂದ ಕೊನೆಯ ಸಲ ಗುಡಿಸಿದಳು. ಖಾಲಿ ಕೋಣೆಯಲ್ಲಿ ಪೊರಕೆಯ ಸದ್ದು ಬೇರೆ ಥರ ಕೇಳಿತು. ಮೂಲೆಗಳನ್ನು ಅವಸರದಲ್ಲಿ ಮುಗಿಸಿದಳು. ಪೊರಕೆ ಕೊಟ್ಟುಬಿಟ್ಟರೆ ಮುಗಿಯಿತು.

ಪೊರಕೆ ಕೊಡಲು ಚಾಚಿದ ಕೈಯನ್ನು ಆಂಟಿ ಗಟ್ಟಿಯಾಗಿ ಹಿಡಿದು ಒಳಗೆಳೆದುಕೊಂಡರು.

"ಒಂದು ನಿಮಿಷ ಕೂತ್ಕೊಳ್ಳಿ. ನನ್ಹತ್ರ ನಿಜ ಹೇಳಿ. ನಿಮಗೆ ಹೋಗೋಕೆ ಇಷ್ಟ ಇದೆಯಾ?"

"ಇದೆ ಅಕ್ಕಾ. ಬಿಡಿ, ಕಾಯ್ತಿದ್ದಾರೆ."

"ಮತ್ತೆ ಕಣ್ಣಲ್ಲಿ ನೀರು?"

"ಗುಡಿಸಿದ ಧೂಳು ಅಕ್ಕಾ!"

"ಎಲ್ಲರೂ ಧೂಳು ಅಂತಾನೇ ಹೇಳೋದು. ನಾನೂ ಹೆಂಗಸಲ್ವಾ, ನಂಗೆ ಅರ್ಥ ಆಗಲ್ವಾ?"

ಕೆಳಗೆ ಹಾರ್ನ್ ಕೇಳಿತು. ಬೆಳಗಿನಿಂದ ಕೇಳಿದ್ದೇ ಎಂದು ಇಬ್ಬರೂ ಗಮನ ಕೊಡಲಿಲ್ಲ. ಆಮೇಲೆ ಎಂಜಿನ್ನು ಗುಡುಗಿತು, ಆ ಗುಡುಗು ನಿಧಾನವಾಗಿ ದೂರವಾಯಿತು. ಲೈಬ್ರರಿಯಮ್ಮ ಕೈ ಕೊಸರಿಕೊಂಡು ಬಾಲ್ಕನಿಗೆ ಓಡಿದಳು. ವ್ಯಾನ್ ರಸ್ತೆಯ ತಿರುವಿನಲ್ಲಿತ್ತು. "ರೀ! ರೀ!" ಎಂದು ಎರಡೂ ಕೈ ಬೀಸಿ ಕೂಗಿದಳು. ಎದುರು ಕಟ್ಟಡದಿಂದ ಯಾರೋ ನಗುನಗುತ್ತ ವಾಪಸ್ ಕೈ ಬೀಸಿದರು.

ಹೆಡ್‌ಮಾಸ್ಟರು ಫೋನ್ ಮಾಡಿದರು. ಗಂಡ ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಮುಟ್ಟಬಾರದೆಂದು ಊರಿಗೆಲ್ಲ ಪಾಠ ಹೇಳಿದವನು. ಮಗಳ ಫೋನು, ಎಂದಿನಂತೆ, ಚಾರ್ಜಿಲ್ಲದೆ ಸತ್ತಿತ್ತು. ಲೈಬ್ರರಿಯಮ್ಮನ ಫೋನು ಬ್ಯಾಗಿನಲ್ಲಿ ವ್ಯಾನ್ ಹತ್ತಿತ್ತು. ಲೈಬ್ರರಿಯ ಅಭ್ಯಾಸ, ಅದು ಯಾವಾಗಲೂ ಸೈಲೆಂಟ್.

"ಎಲ್ಲ ಬಿಡ್ತೀನಿ ಅಂತಿದ್ದೋನು ಹೆಂಡ್ತೀನೂ ಬಿಟ್ಟ!" ಎಂದು ಆಂಟಿ ಮೆಟ್ಟಿಲಲ್ಲೇ ನಿಂತು ವಿಶೇಷ ವಾರ್ತೆ ಓದಿದರು.

ಅನುಕಂಪ ಅಷ್ಟು ವೇಗವಾಗಿ ಮೆಟ್ಟಿಲು ಹತ್ತಬಲ್ಲದು ಎಂದು ಲೈಬ್ರರಿಯಮ್ಮನಿಗೆ ಗೊತ್ತಿರಲಿಲ್ಲ. ಟೈಲರು ಮಂಚ ಹೊರಿಸಿ ತಂದರು. ಕನ್ನಡಿ ಬಂತು, ಕುರ್ಚಿ ಬಂತು, ತಟ್ಟೆಗಳು ತೊಳೆಸಿಕೊಂಡು ಬಂದವು.

"ಬೇಡ, ಬೇಡ! ಅವರು ಬರ್ತಾರೆ, ನಾವು ಹೊರಡ್ತೀವಿ!" ಎಂದು ಅವಳು ಬಾಗಿಲಿಗೆ ಅಡ್ಡ ನಿಂತಳು.

"ಬರ್ತಾರೆ ಬರ್ತಾರೆ, ನೀವು ಸಮಾಧಾನ ಮಾಡ್ಕೊಳ್ಳಿ" ಎಂದು ಎಲ್ಲರೂ ಅವಳನ್ನು ಮೃದುವಾಗಿ ಪಕ್ಕಕ್ಕೆ ಸರಿಸಿ ಒಳಗೆ ನಡೆದರು. ಅಟ್ಟ ತುಂಬಿತು. ಆಂಟಿ ಅಡುಗೆಮನೆಯ ಡಬ್ಬಗಳನ್ನು ಮೊದಲಿಗಿಂತ ಚೆನ್ನಾಗಿ ಜೋಡಿಸಿದರು.

ಸಂಜೆಯಾಗುವಾಗ ಹೆಡ್‌ಮಾಸ್ಟರ ಫೋನು ಹೊಡೆದುಕೊಂಡಿತು. ಅವರು ಸ್ಪೀಕರ್ ಹಾಕಿದರು.

"ಸಾರ್, ತುಂಬ ಸಲ ಫೋನ್ ಮಾಡಿದ್ರಿ. ನೀರಿನ ಕ್ಯಾನ್ ಅಲ್ಲೇ ಬಿಟ್ಟು ಬಂದ್ವಾ?"

"ಕ್ಯಾನ್ ಅಲ್ಲಪ್ಪ" ಎಂದರು ಹೆಡ್‌ಮಾಸ್ಟರು. "ಹೆಂಡತಿ."

ಆ ಕಡೆಯಿಂದ ಗಂಡನ ದನಿ, "ಅಮ್ಮಾ! ಪರದೆ ಹಿಂದೆ ನಿನ್ ಜೊತೆ ಅವಳಿಲ್ವಾ?" ಅತ್ತೆಯ ದನಿ, "ನಿನ್ ಪಕ್ಕ ಕೂತಿದ್ದಾಳಲ್ಲೋ!" ಮಗಳ ದನಿ, "ಅಜ್ಜೀ, ಅದು ನಾನು!"

ದೀಪ ಹಚ್ಚುವ ಹೊತ್ತಿಗೆ ವ್ಯಾನ್ ಬಂತು. ಲೈಬ್ರರಿಯಮ್ಮ ಚಪ್ಪಲಿ ಬಿಚ್ಚದೆ ಹೊಸ್ತಿಲಲ್ಲೇ ನಿಂತಿದ್ದಳು. ಗಂಡ ಅವಳನ್ನು ನೋಡಿ ತಲೆ ಕೆರೆದುಕೊಂಡ, ಅವಳ ಹಿಂದೆ ಕಂಡ ಕುರ್ಚಿಯನ್ನು ನೋಡಿ "ಅಬ್ಬಾ!" ಎಂದು ಹೋಗಿ ಒರಗಿದ.

"ಕೂತ್ಕೋಬೇಡಿ. ಈಗ್ಲೇ ಹೊರಡೋಣ."

"ಐದು ನಿಮಿಷ ಕಣೇ."

ಅತ್ತೆ ಮಂಚ ಸೇರಿದರು, ಮಗಳು ಕನ್ನಡಿ ಸೇರಿದಳು. ಕಟ್ಟಡದ ಮಂದಿಯೆಲ್ಲ ಸುತ್ತ ಕೂತರು. ಗಂಡನಿಗೆ ಮಾತು ಉಕ್ಕಿತು. ಸೇತುವೆಯ ಕೆಳಗಿನ ಹೊಳೆ, ಬೆಟ್ಟದ ಹಿಂದೆ ಇಳಿದ ಸೂರ್ಯ, ಗುರುತಿಲ್ಲದ ಊರಿನಲ್ಲಿ ಚಹಾ ಕೊಟ್ಟ ಮುದುಕ.

"ದಾರಿ ಅನ್ನೋದು ಮನುಷ್ಯನ್ನ ಬದಲಾಯಿಸಿಬಿಡುತ್ತೆ ಸಾರ್. ಬೆಳಿಗ್ಗೆ ಇದ್ದ ಮನುಷ್ಯ ಅಲ್ಲ ನಾನೀಗ."

"ನನ್ ಸೊಂಟವೂ ಬೆಳಗಿನ ಸೊಂಟ ಅಲ್ಲ" ಎಂದರು ಅತ್ತೆ. "ನಾನಂತೂ ಇನ್ನು ಆ ಗಾಡಿ ಹತ್ತಲ್ಲ."

ಗಂಡ ಎಲ್ಲರ ಮುಖ ನೋಡಿದ. ಕುರ್ಚಿಯ ಕೈಗಳನ್ನು ಸವರಿದ. "ಅಮ್ಮನ್ನ ಬಿಟ್ಟು ಹೇಗೆ ಹೋಗೋದು? ಒಟ್ನಲ್ಲಿ ಅನುಭವ ಮುಖ್ಯ, ದೂರ ಅಲ್ಲ. ಅದಾಯ್ತಲ್ಲ! ಏ, ಎಲ್ಲರಿಗೂ ಟೀ ಮಾಡೇ."

ಅವಳು ಚಪ್ಪಲಿ ಬಿಚ್ಚಿದಳು. ಒಲೆ ಹಚ್ಚಿ, ಟೀ ಕುದಿಯುವ ತನಕ ಕಿಟಕಿಯಾಚೆಯ ಗೋಡೆ ನೋಡುತ್ತ ನಿಂತಳು. ಕತ್ತಲಲ್ಲಿ ಪೈಪು ಕೂಡ ಕಾಣುತ್ತಿರಲಿಲ್ಲ.

ಟ್ರೇ ಹಿಡಿದು ಹೊರಗೆ ಬಂದಾಗ, ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ ಟೈಲರ ಹೆಂಡತಿ ಏನೂ ತಿಳಿಯದೆ ಉತ್ಸಾಹದಿಂದ ಕೇಳಿದರು. "ಎಲ್ಲರೂ ಹೇಳ್ತಿದ್ದಾರೆ, ನೀವೊಬ್ಬರೇ ಸುಮ್ನಿದೀರಲ್ಲ ಲೈಬ್ರರಿಯಮ್ಮ! ಎಲ್ಲಿತನಕ ಹೋಗಿದ್ರಿ?"

"ಎದುರು ಮನೆ ತನಕ" ಎಂದಳು ಅವಳು. "ಸಕ್ಕರೆ ಸಾಕಾ ನೋಡಿ."