ಬಸಳೆಯ ಬುಡದಲ್ಲಿ ಕರಡಿ

ಬೇಟೆಯಾಡುವವರಲ್ಲಿ ಎರಡು ಬಗೆ ಎಂದು ನಾನು ತಿಳಿದಿದ್ದೇನೆ. ಪ್ರಾಣಿಯ ಹಿಂದೆ ಓಡುವವರು ಒಂದು ಬಗೆ, ಪ್ರಾಣಿ ತಾನಾಗಿ ಬರಲಿ ಎಂದು ತಿಂಡಿ ಇಟ್ಟು ಕೂರುವವರು ಇನ್ನೊಂದು ಬಗೆ. ಓಡುವುದು ನನ್ನಿಂದಾಗದ ಕೆಲಸ. ಶಾಲೆಯ ಓಟದ ಪಂದ್ಯದಲ್ಲಿ ನಾನು ಗುರಿ ಮುಟ್ಟುವ ಹೊತ್ತಿಗೆ ಮೇಷ್ಟ್ರು ಹಗ್ಗ ಸುತ್ತಿಕೊಂಡು ಮನೆಗೆ ಹೊರಟಿದ್ದರು. ಹಾಗಾಗಿ ನಾನು ಹುಟ್ಟಿನಿಂದಲೇ ಎರಡನೆಯ ಬಗೆಯವನು. ಕೋವಿಯನ್ನು ಕೈಯಲ್ಲಿ ಹಿಡಿದವನಲ್ಲ, ಜಿರಳೆ ಹೊಡೆಯಲು ಎತ್ತಿದ ಚಪ್ಪಲಿಯನ್ನು ಎರಡು ಸಲ ಯೋಚಿಸಿ ಕೆಳಗಿಟ್ಟವನು. ಆದರೂ ಎಂಬತ್ತರ ದಶಕದ ಕೊನೆಯಲ್ಲಿ, ಒಮಾನಿನ ಸಹಮ್ ಎಂಬ ಊರಿನಲ್ಲಿ, ನೀರಿನ ಟ್ಯಾಂಕಿನ ಮೇಲೆ ಕಾಲು ಮಡಚಿಕೊಂಡು, ಕೈಯಲ್ಲಿ ಹಗ್ಗ ಹಿಡಿದು ಒಂದು ಕರಡಿಗಾಗಿ ಕಾದು ಕುಳಿತಿದ್ದೆ. ಆ ಮರಳಿನ ನಾಡಿನಲ್ಲಿ ಕರಡಿ ಎಲ್ಲಿಂದ ಬಂತು ಎಂದು ನೀವು ಕೇಳುವ ಮೊದಲೇ ಎಲ್ಲವನ್ನೂ ಹೇಳಿಬಿಡುತ್ತೇನೆ. ಅದಕ್ಕೆ ಮೊದಲು ಬಸಳೆಯ ವಿಷಯ ಹೇಳಬೇಕು, ಬಸಳೆಗೂ ಮೊದಲು ವಾರಿಜಳ ವಿಷಯ ಹೇಳಬೇಕು.

ವಾರಿಜ ನನ್ನ ಹೆಂಡತಿ. ರಜೆಯಲ್ಲಿ ಊರಿಗೆ ಹೋದಾಗ ಮದುವೆಯಾಗಿ, ನೆಂಟರ ಮನೆಯ ಊಟಗಳೆಲ್ಲ ಮುಗಿಯುವಷ್ಟರಲ್ಲಿ ರಜೆಯೂ ಮುಗಿದು, ನಾನು ವಿಮಾನ ಹತ್ತಿದ್ದೆ. ಅವಳಿಗೆ ಸಾರಿಗೆ ಉಪ್ಪು ಎಷ್ಟು ಬೇಕು, ಸಿಟ್ಟು ಬಂದರೆ ಮಾತಾಡುತ್ತಾಳೋ ಸುಮ್ಮನಿರುತ್ತಾಳೋ ಎಂಬ ಪ್ರಾಥಮಿಕ ಪಾಠಗಳೂ ನನಗೆ ಆಗಿರಲಿಲ್ಲ. ಕಾಪುವಿನಲ್ಲಿ ಅವಳದ್ದೊಂದು ಹೊಲಿಗೆ ಕ್ಲಾಸು ಇತ್ತು. ಊರಿನ ಅರ್ಧ ಹುಡುಗಿಯರು ಅವಳ ಕೈಯಲ್ಲೇ ಕತ್ತರಿ ಹಿಡಿಯಲು ಕಲಿತವರು. ಒಮಾನಿಗೆ ಬಾ ಎಂದು ಕರೆದರೆ ಅವಳ ಉತ್ತರ ಯಾವಾಗಲೂ ಒಂದೇ: "ಅಲ್ಲಿ ಎಂತ ಉಂಟು? ಮರಳು ಕಾಣ್ಲಿಕ್ಕೆ ನಮ್ಮ ಕಡಲ ಬದಿ ಸಾಲದಾ?" ಎರಡನೆಯ ರಜೆ ಮುಗಿಸಿ ಹೊರಟಾಗ ಅವಳೇ ನನ್ನ ಪೆಟ್ಟಿಗೆಯಲ್ಲಿ, ಹಪ್ಪಳದ ಕಟ್ಟಿನ ಪಕ್ಕ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಗೇಣು ಬಸಳೆಯ ದಂಟು ಇಟ್ಟಳು. "ಬಂದ್ರೆ ಬರ್ಲಿ, ಇಲ್ದಿದ್ರೆ ಸಾಯ್ಲಿ," ಎಂದಳು. ದಂಟಿನ ಬಗ್ಗೆ ಹೇಳಿದ್ದು ಎಂದು ನಾನು ಅರ್ಥ ಮಾಡಿಕೊಂಡೆ.

ದಂಟು ಸಾಯಲಿಲ್ಲ. ನಾನು ಕಂಪನಿಯ ಸ್ಟೋರಿನಲ್ಲಿ ಪೈಪು, ನಟ್ಟು, ಬೋಲ್ಟುಗಳನ್ನು ಕಾಯುವ ಕೆಲಸದವನು. ಸ್ಟೋರಿನ ಹಿಂದೆಯೇ ನನಗೊಂದು ಸಣ್ಣ ಮನೆ ಇತ್ತು, ಅದರ ಹಿತ್ತಿಲಲ್ಲಿ ಅಕ್ಕಿ ತೊಳೆದ ನೀರು ಹೊಯ್ದು ಹೊಯ್ದು ಬಸಳೆಯನ್ನು ಬದುಕಿಸಿದೆ. ಸ್ಟೋರಿನ ಹಳೆ ಪೈಪುಗಳಿಂದ ಚಪ್ಪರ ಹಾಕಿದೆ. ಒಂದೊಂದು ಎಲೆ ಬಿಟ್ಟಾಗಲೂ ಹೋಗಿ ಮುಟ್ಟಿ ನೋಡುತ್ತಿದ್ದೆ. ಕೆಲಸ ಬಿಟ್ಟು ಬಂದು ಅದರ ಮುಂದೆ ಕುರ್ಚಿ ಹಾಕಿ ಕೂತರೆ, ಎಷ್ಟೋ ಹೊತ್ತು ಏನೂ ಮಾಡದೆ ಕೂರಬಹುದಿತ್ತು. ಅದು ತರಕಾರಿ ಎಂಬುದೇ ನನಗೆ ಮರೆತುಹೋಗಿತ್ತು. ಬಳ್ಳಿ ಸೊಂಟದೆತ್ತರ ಬಂದ ದಿನ, ಇದು ಚಪ್ಪರ ತುಂಬಿದರೆ ವಾರಿಜಳ "ಎಂತ ಉಂಟು" ಎಂಬ ಪ್ರಶ್ನೆಗೆ ಒಂದು ಉತ್ತರವಾಯಿತು ಎಂದು ನನಗೆ ಹೊಳೆಯಿತು. ಒಂದು ವಾರ ಬಿಟ್ಟು ಟೇಪ್ ರೆಕಾರ್ಡರ್ ತೆಗೆದಿಟ್ಟೆ.

ಆಗ ಕಾಗದ ಬರೆಯುವುದಕ್ಕಿಂತ ಕ್ಯಾಸೆಟಿನಲ್ಲಿ ಮಾತಾಡಿ ಕಳಿಸುವುದು ನಮ್ಮವರಲ್ಲಿ ಹೆಚ್ಚು. ಊರಿಗೆ ಹೊರಟವರ ಕೈಯಲ್ಲಿ ಕೊಟ್ಟರೆ ಕಾಗದಕ್ಕಿಂತ ಬೇಗ ಮುಟ್ಟುತ್ತಿತ್ತು, ಮೇಲಾಗಿ ದನಿ ಸಿಗುತ್ತಿತ್ತು. ಆದರೆ ನನಗೆ ಆ ಯಂತ್ರದ ಕೆಂಪು ಗುಂಡಿ ಒತ್ತಿದ ಕೂಡಲೇ ಭಾಷಣಕಾರನ ಗಂಟಲು ಬಂದುಬಿಡುತ್ತದೆ. "ನಾನು ಕ್ಷೇಮ, ನೀನು ಕ್ಷೇಮವೆಂದು ನಂಬುತ್ತೇನೆ" ಎಂದ ಮೇಲೆ ಏನು ಹೇಳುವುದೆಂದು ತೋಚುತ್ತಿರಲಿಲ್ಲ. ನೀನಿಲ್ಲದೆ ಬೇಜಾರು ಎಂದು ಹೇಳಲು ನಾಚಿಕೆ. ಹಾಗಾಗಿ ಆ ದಿನ ಹಿತ್ತಿಲಲ್ಲೇ ಕೂತು ಕ್ಯಾಸೆಟಿನ ಒಂದು ಬದಿ ಪೂರ್ತಿ ಬಸಳೆಯನ್ನೇ ತುಂಬಿಸಿದೆ. ಚಪ್ಪರ ತುಂಬಿದೆ, ಎಲೆ ಅಂಗೈಯಷ್ಟು ಅಗಲ, ದಂಟು ಹೆಬ್ಬೆರಳಿನ ದಪ್ಪ, ಕೊಯ್ದು ಹಂಚಿದರೂ ಮುಗಿಯುವುದಿಲ್ಲ ಎಂದೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಹಸಿವಾಯಿತು.

ನಿಜವಾಗಿ ಆ ಹೊತ್ತಿಗೆ ಬಸಳೆ ಸೊಂಟದಿಂದ ಮೊಣಕಾಲಿಗೆ ಇಳಿದಿತ್ತು. ಪಕ್ಕದ ಮನೆಯ ಮುದುಕಿ ಉಮ್ಮು ಸಾಲಿಮಳ ಆಡೊಂದು ಅದರ ರುಚಿ ನೋಡಿಹೋಗಿತ್ತು. ಸಹಮಿನ ಆಡುಗಳ ಬಗ್ಗೆ ನಿಮಗೆ ತಿಳಿದಿರಲಿಕ್ಕಿಲ್ಲ. ಅವಕ್ಕೆ ಹಗ್ಗವೂ ಇಲ್ಲ, ಹಟ್ಟಿಯೂ ಇಲ್ಲ. ಬೀದಿಯಲ್ಲಿ ರಟ್ಟಿನ ಪೆಟ್ಟಿಗೆ ತಿನ್ನುತ್ತವೆ, ಸಿಮೆಂಟಿನ ಚೀಲ ತಿನ್ನುತ್ತವೆ, ನಮ್ಮ ಕಂಪನಿಯ ಒಂದು ನಕ್ಷೆಯನ್ನೂ ತಿಂದಿದ್ದವು. ರಟ್ಟು ತಿಂದು ಬೆಳೆದ ನಾಲಿಗೆಗೆ ಬಸಳೆ ಸಿಕ್ಕಿದರೆ ಹೇಗಾಗಬೇಡ? ಈ ಆಡು ಮೈತುಂಬ ಉದ್ದ ಕೂದಲಿನ ಕಪ್ಪು ಆಡು. ಬಳ್ಳಿ ಚಿಗುರಿದರೆ ಬರುತ್ತಿತ್ತು, ಬೋಳಾದರೆ ಹೋಗುತ್ತಿತ್ತು. ಹೀಗಿರುವಾಗ ವಾರಿಜಳ ಕ್ಯಾಸೆಟು ಬಂತು. "ಬಸಳೆ ಅಷ್ಟು ಬಂದಿದ್ರೆ ಒಮ್ಮೆ ನೋಡ್ಲೇಬೇಕು. ಈ ಬ್ಯಾಚಿನ ಹುಡುಗಿಯರದ್ದು ಮುಗೀಲಿ, ವಿಸಿಟ್ ವೀಸಾ ಮಾಡಿ." ಆ ದಿನ ನಾನು ಇಡೀ ಸಹಮಿನಲ್ಲಿ ಅತ್ಯಂತ ಸಂತೋಷದ ಮನುಷ್ಯನಾಗಿದ್ದೆ. ಹಿತ್ತಿಲಿಗೆ ಹೋಗಿ ನೋಡುವವರೆಗೆ.

ಇಂಥ ಹೊತ್ತಿನಲ್ಲಿ ಗಾರ್ಡನ್ ಸಾಹೇಬರ ಉಪದೇಶ ಸಿಕ್ಕಿತು. ಅವರು ಕೆನಡಾದವರು, ನಮ್ಮ ಎಂಜಿನಿಯರು. ಹೊರಗೆ ಬಿಸಿಲು ಕಬ್ಬಿಣವನ್ನು ಮುಟ್ಟಲಾಗದ ಹಾಗೆ ಮಾಡಿದ್ದ ಒಂದು ಮಧ್ಯಾಹ್ನ, ಏಸಿಯ ಮುಂದೆ ಚಹಾ ಕುಡಿಯುತ್ತ, ತಮ್ಮೂರಿನ ಕಪ್ಪು ಕರಡಿಗಳ ಬೇಟೆಯನ್ನು ವರ್ಣಿಸಿದರು. ಕಾಡಿನಲ್ಲಿ ಒಂದು ಪೀಪಾಯಿಯನ್ನು ಮರಕ್ಕೆ ಸರಪಳಿ ಹಾಕಿ ಕಟ್ಟುವುದು, ಅದರೊಳಗೆ ಹಳೆ ಬ್ರೆಡ್ಡು, ಸಿಹಿ ತಿಂಡಿ, ಬೆಲ್ಲದ ಪಾಕದಂಥದ್ದು, ಮೀನಿನೆಣ್ಣೆ ಸುರಿಯುವುದು. ವಾರಗಟ್ಟಲೆ ಹೀಗೆ ಬಡಿಸುತ್ತ ಬಂದರೆ ಕರಡಿಗೆ ಅಭ್ಯಾಸವಾಗುತ್ತದೆ. ಆಮೇಲೆ ಮರದ ಮೇಲೆ ಅಟ್ಟಣೆಯಲ್ಲಿ ಕೂತು, ಕೆಮ್ಮದೆ, ಮೈ ಕೆರೆಯದೆ ಕಾಯುವುದು. ಇದು ಬೇಟೆಯೋ ನೆಂಟರ ಉಪಚಾರವೋ ಎಂದು ನನಗೆ ಅನುಮಾನ ಬಂತು. "ಮರದ ಮೇಲೆ ಮನುಷ್ಯ ಇದ್ದಾನೆಂದು ಕರಡಿಗೆ ವಾಸನೆ ಬರುವುದಿಲ್ಲವೇ?" ಎಂದು ಕೇಳಿದೆ. ಸಾಹೇಬರು ಕಿಟಕಿಯಾಚೆಯ ಬಿಳಿ ಬಯಲನ್ನು ಬಹಳ ಹೊತ್ತು ನೋಡಿದರು. ಅಲ್ಲಿ ಅವರಿಗೆ ಮರಗಳು ಕಾಣುತ್ತಿದ್ದವು ಎಂದು ತೋರುತ್ತದೆ. "ಬರುತ್ತದೆ. ಅದಕ್ಕೆ ಎಲ್ಲ ಗೊತ್ತು. ಆದರೂ ಬರುತ್ತದೆ," ಎಂದರು. ನೀವು ಎಷ್ಟು ಹೊಡೆದಿದ್ದೀರಿ ಎಂದು ಕೇಳಿದ್ದಕ್ಕೆ, "ಹೆಚ್ಚಾಗಿ ಕೂತಿದ್ದೇನೆ," ಎಂದು ಚಹಾದ ಲೋಟ ಕೆಳಗಿಟ್ಟರು.

ಕಪ್ಪು ಆಡಿಗೆ ಆವತ್ತೇ ಕರಡಿ ಎಂದು ಹೆಸರಿಟ್ಟೆ. ನನ್ನ ಯೋಜನೆ ಸರಳವಾಗಿತ್ತು. ಖರ್ಜೂರ ಹಾಕಿ ಅಭ್ಯಾಸ ಮಾಡಿಸುವುದು, ಒಂದು ಶುಕ್ರವಾರ ಕುಣಿಕೆ ಹಾಕಿ ಹಿಡಿಯುವುದು, ಹಿಡಿದ ಆಡನ್ನು ಸಾಕ್ಷಿ ಸಮೇತ ಉಮ್ಮು ಸಾಲಿಮಳ ಮುಂದೆ ನಿಲ್ಲಿಸಿ ಕಟ್ಟಿಹಾಕು ಎಂದು ಕೇಳಿಕೊಳ್ಳುವುದು. ಬಣ್ಣದ ಖಾಲಿ ಡಬ್ಬವೊಂದನ್ನು ಚಪ್ಪರದ ಕಾಲಿಗೆ ತಂತಿಯಲ್ಲಿ ಕಟ್ಟಿದೆ, ಪೀಪಾಯಿಯ ಲೆಕ್ಕಕ್ಕೆ. ನಾನು ಮಾಡಿದ ತಪ್ಪು ನಿಮಗೆ ಈಗಾಗಲೇ ಕಂಡಿರಬಹುದು. ನನಗೆ ಕಾಣಲಿಲ್ಲ. ದಿನಾ ಸಂಜೆ ಖರ್ಜೂರ ಹಾಕಿದೆ, ಕರಡಿ ದಿನಾ ಸಂಜೆ ತಪ್ಪದೆ ಬಂತು. ಕೊನೆಗೆ ಶುಕ್ರವಾರ, ಊರೆಲ್ಲ ಊಟ ಮಾಡಿ ಮಲಗಿದ್ದಾಗಲೇ ಡಬ್ಬಕ್ಕೆ ಖರ್ಜೂರ ಹಾಕಿ, ಏಣಿ ಇಟ್ಟು ನೀರಿನ ಟ್ಯಾಂಕಿನ ಮೇಲೆ ಹತ್ತಿ ಕೂತೆ. ಕೂತ ಕೂಡಲೇ ಮೈಯೆಲ್ಲ ತುರಿಸತೊಡಗಿತು. ಕೆನಡಾದ ಬೇಟೆಗಾರರ ಮೇಲಿನ ಗೌರವ ಅಲ್ಲೇ ಇಮ್ಮಡಿಯಾಯಿತು. ಸಂಜೆಯಾಗುತ್ತ ಕರಡಿ ಬಂತು, ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿತು, ಡಬ್ಬಕ್ಕೆ ಮೂತಿ ಹಾಕಿತು. ನಾನು ಕುಣಿಕೆ ಇಳಿಬಿಡಬೇಕು ಎನ್ನುವಾಗ ಬಾಗಿಲ ಕಡೆಯಿಂದ ದನಿ ಬಂತು.

"ಎಂತ ಮಾರಾಯ್ರೆ, ಟ್ಯಾಂಕಿನ ಮೇಲೆ ಎಂತ ಮಾಡುದು?"

ಉಳ್ಳಾಲದ ಹಮೀದಾಕ. ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟವರು, ನಮ್ಮೆಲ್ಲರ ಕ್ಯಾಸೆಟುಗಳು ಊರಿಗೆ ಹೋಗುವುದೂ ಬರುವುದೂ ಅವರ ಅಂಗಡಿಯಿಂದಲೇ. ಬಾಯಿ ಮುಚ್ಚಿ ಎಂದು ನಾನು ಕೈಸನ್ನೆ ಮಾಡಿದೆ, ಹಗ್ಗ ಕೈಜಾರಿ ಕೆಳಗೆ ಬಿತ್ತು. ಕರಡಿ ಹಗ್ಗವನ್ನು ಮೂಸಿ ನೋಡಿ ಬಿಟ್ಟಿತು. ಖರ್ಜೂರ ಮುಗಿಸಿ, ಬಾಯಿ ಒರೆಸುವವರ ಹಾಗೆ ಎರಡು ಸಲ ತಲೆ ಕೊಡವಿ, ನಿಧಾನವಾಗಿ ಬಸಳೆಗೆ ಬಾಯಿ ಹಾಕಿತು. ನಾನು ಕೆಳಗಿಳಿದು ಎಲ್ಲವನ್ನೂ ವಿವರಿಸಿದೆ. ಹಮೀದಾಕ ಗಡ್ಡ ನೀವುತ್ತ ಕೇಳಿದರು. "ಅಲ್ಲ ಮಾರಾಯ್ರೆ, ನೀವು ಅದಕ್ಕೆ ದಿನಾ ಊಟ ಬಡಿಸಿದ್ದು. ಊಟ ಆದ ಮೇಲೆ ಎಲೆ ಅಡಿಕೆ ಬೇಡ್ವಾ? ಅದಕ್ಕೆ ಬಸಳೆ ತಿಂದಿದೆ. ಅದರದ್ದು ಎಂತ ತಪ್ಪುಂಟು?" ಆಡನ್ನು ಬಳ್ಳಿಯ ಬುಡಕ್ಕೇ ಕರೆದು ಊಟ ಹಾಕಿದ ಬುದ್ಧಿವಂತ ಬೇರೆ ಯಾರೂ ಇರಲಿಕ್ಕಿಲ್ಲ.

ಮರುದಿನ ಉಮ್ಮು ಸಾಲಿಂ ತಾನಾಗಿ ನಮ್ಮ ಬಾಗಿಲಿಗೆ ಬಂದಳು. ದೂರು ಹೇಳಲು ಇದೇ ಸಮಯ ಎಂದು ನಾನು ಗಂಟಲು ಸರಿಮಾಡಿಕೊಂಡೆ. ಅವಳ ಕೈಯಲ್ಲಿ ಒಂದು ಪಾತ್ರೆ ಹಾಲು ಇತ್ತು. ಈ ಹಿಂದಿ ಮನುಷ್ಯ, ಅಂದರೆ ಭಾರತದವನು, ತನ್ನ ಆಡಿಗೆ ದಿನಾ ಖರ್ಜೂರ ತಿನ್ನಿಸುತ್ತಾನೆ, ಹಾಲು ಹೆಚ್ಚಾಗಿದೆ, ಅದರಲ್ಲಿ ಅವನಿಗೂ ಪಾಲಿದೆ ಎಂಬುದು ಅವಳ ಅರಬಿಯ ಸಾರಾಂಶ. ನನ್ನ ಬೆನ್ನ ಹಿಂದಿನ ಖಾಲಿ ಮನೆಯನ್ನು ಇಣುಕಿ ನೋಡಿ, "ಇಂತ ಮಾಫಿ ಮದಾಮ್?" ಎಂದಳು. ನಿನಗೆ ಹೆಂಡತಿ ಇಲ್ಲವೇ ಎಂದು. ಇದ್ದಾಳೆ, ಊರಿನಲ್ಲಿದ್ದಾಳೆ, ಬರುತ್ತಾಳೆ ಎಂದು ಕೈಬಾಯಿ ಸನ್ನೆಯಲ್ಲಿ ಹೇಳಿದೆ. "ಮದಾಮ್ ಜೀಬ್," ಎಂದು ಗದರಿಸಿದಳು. ಕರೆದುಕೊಂಡು ಬಾ ಎಂದು. ನಾನು ಅದನ್ನೇ ಅಲ್ಲವೇ ಮಾಡುತ್ತಿದ್ದದ್ದು. ಹಾಲು ಕುಡಿದ ಬಾಯಲ್ಲಿ ಆಡಿನ ಮೇಲೆ ದೂರು ಹೇಳುವುದು ಹೇಗೆ? ಆವತ್ತಿನಿಂದ ದಿನಾ ಹಾಲು ಬಂತು, ದಿನಾ ಖರ್ಜೂರ ಹೋಯಿತು, ಬಸಳೆ ಮಾತ್ರ ಬುಡದಿಂದ ಮೇಲೆ ಏಳಲಿಲ್ಲ.

ಸೆಕೆ ಇಳಿಯುವ ಹೊತ್ತಿಗೆ ವಾರಿಜ ಬಂದಳು. ಮಸ್ಕತ್ತಿನಿಂದ ಸಹಮಿನವರೆಗೆ ಹಮೀದಾಕರ ಪಿಕಪ್ಪಿನಲ್ಲಿ ಬರುತ್ತ, ಅವಳಿಗೆ ಎಡಗಡೆಯ ಬೆಟ್ಟ, ಬಲಗಡೆಯ ತೋಟ ಎಲ್ಲ ತೋರಿಸಿದೆ, ಬಸಳೆಯ ಮಾತು ಮಾತ್ರ ಬರದ ಹಾಗೆ ನೋಡಿಕೊಂಡೆ. ಖರ್ಜೂರದ ಗರಿಯ ಬೇಲಿ ಕಟ್ಟಿ ಹದಿನೈದು ದಿನ ಕಾವಲು ಕಾದಿದ್ದರ ಫಲ, ಬುಡದಲ್ಲಿ ನಾಲ್ಕೆಂಟು ಎಲೆಗಳಿದ್ದವು. ಮನೆಗೆ ಬಂದವಳು ಚಪ್ಪಲಿ ಕೂಡ ಬಿಚ್ಚದೆ ನೇರ ಹಿತ್ತಿಲಿಗೆ ನಡೆದಳು. ನಾನು ಹಿಂದೆ ನಿಂತೆ. ಬೋಳು ಪೈಪುಗಳ ಚಪ್ಪರ, ಕೆಳಗೆ ಬೇಲಿ ತಳ್ಳಿ ಒಳಗೆ ಮಲಗಿ ಮೆಲುಕು ಹಾಕುತ್ತಿದ್ದ ಕರಡಿ. ಎಲೆಗಳು ಎಷ್ಟಿದ್ದವು ಎಂಬ ಪ್ರಶ್ನೆ ಇನ್ನು ಇರಲಿಲ್ಲ.

"ಇದಾ ಚಪ್ಪರ ತುಂಬಿದ್ದು?" ಎಂದಳು.

ರೋಗ ಬಂತು, ಗಾಳಿ ಬಂತು ಎಂದು ನಾನು ಏನೇನೋ ತೊದಲಿದೆ. ಅವಳು ಆಡಿನ ಬೆನ್ನಿನ ಮೇಲೆ ಕೈಯಾಡಿಸುತ್ತ, ತಿರುಗಿ ನೋಡದೆ ಹೇಳಿದಳು. "ಸುಮ್ನಿರಿ. ನಂಗೆ ಅಲ್ಲೇ ಗೊತ್ತಾಗಿತ್ತು. ಕ್ಯಾಸೆಟಲ್ಲಿ ನೀವು ಬಸಳೆ ಬಸಳೆ ಅಂತ ಹೇಳುವಾಗ ಹಿಂದೆ ಆಡು ಕೂಗ್ತಾ ಇತ್ತು. ಹಿತ್ತಿಲಲ್ಲಿ ಆಡು ತಿರುಗುವಲ್ಲಿ ಬಸಳೆ ಚಪ್ಪರ ತುಂಬುದುಂಟಾ?"

"ಗೊತ್ತಿದ್ದೂ ಮತ್ತೆ ಯಾಕೆ ಬಂದದ್ದು?" ಎಂದೆ.

"ಊರಲ್ಲಿ ಬಸಳೆಗೆ ಬರಗಾಲವಾ?" ಎಂದಳು.

ಅವಳು ಬಸಳೆಗಾಗಿ ಬಂದವಳಲ್ಲ ಎಂಬುದು ಬುದ್ಧಿಗೆ ಹತ್ತಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಹತ್ತಿದ ಮೇಲೆ ಅವಳ ಮುಖ ನೋಡಲಾಗದೆ ಕರಡಿಯ ಡಬ್ಬಕ್ಕೆ ಖರ್ಜೂರ ತರುವ ನೆಪದಲ್ಲಿ ಒಳಗೆ ಹೋದೆ. ಮದುವೆಯಾಗಿ ವರ್ಷಗಳಾಗಿದ್ದರೂ ನನಗೆ ಮದುವೆಯಾಗಿದೆ ಎಂದು ಖಚಿತವಾಗಿ ಅನ್ನಿಸಿದ್ದು ಆವತ್ತು.

ವೀಸಾದ ತಿಂಗಳುಗಳು ಹೇಗೆ ಕಳೆದವೋ ತಿಳಿಯಲಿಲ್ಲ. ಅವಳು ಉಮ್ಮು ಸಾಲಿಮಳಿಗೆ ರವಿಕೆಯಂಥ ಏನೋ ಒಂದನ್ನು ಹೊಲಿದುಕೊಟ್ಟಳು, ಆಡಿನ ಹಾಲಿನಲ್ಲಿ ಪಾಯಸ ಮಾಡಿದಳು, ಸಾರಿಗೆ ಉಪ್ಪು ಸ್ವಲ್ಪ ಹೆಚ್ಚೇ ಹಾಕುತ್ತಾಳೆಂದು ನನಗೆ ತಿಳಿಯಿತು. ಸಿಟ್ಟು ಬಂದರೆ ಸುಮ್ಮನಿರುತ್ತಾಳೆ ಎಂಬುದೂ ತಿಳಿಯಿತು. ನನ್ನ ಸಂಬಳಕ್ಕೆ ಫ್ಯಾಮಿಲಿ ವೀಸಾ ಸಿಗುವ ಹಾಗಿರಲಿಲ್ಲ, ಅವಳಿಗೂ ಹುಡುಗಿಯರ ಕ್ಲಾಸು ಕಾಯುತ್ತಿತ್ತು. ಹೋದಳು. ಮನೆಯಲ್ಲಿ ಅವಳು ಬಿಟ್ಟುಹೋದ ಒಂದು ನೂಲಿನುಂಡೆ ಇತ್ತು, ಅದನ್ನು ಎತ್ತಿಡಲು ಮನಸ್ಸಾಗದೆ ಕಿಟಕಿಯ ಮೇಲೆ ಹಾಗೇ ಬಿಟ್ಟೆ. ಸಂಜೆ ಕರಡಿ ಬಂದು ಬಾಗಿಲಲ್ಲಿ ನಿಂತು ಒಳಗೆ ನೋಡಿ, ಖರ್ಜೂರ ಮುಟ್ಟದೆ ಹಿಂದೆ ಹೋಯಿತು. ನನಗೂ ಊಟ ಸೇರಲಿಲ್ಲ.

ಕೆಲವು ವಾರಗಳ ಮೇಲೆ ಹಮೀದಾಕ ಒಂದು ಕ್ಯಾಸೆಟು ತಂದುಕೊಟ್ಟರು. ಹಿತ್ತಿಲಲ್ಲಿ ಕುರ್ಚಿ ಹಾಕಿ ಕೂತು ಕೇಳಿದೆ. ಊರಿನ ಬಸಳೆ ಚಪ್ಪರ ತುಂಬಿದೆ, ಎಲೆ ಅಂಗೈಯಷ್ಟು ಅಗಲ, ಸಿಗಡಿ ಹಾಕಿ ಮಾಡಿದರೆ ಮನೆಯವರಿಗೆಲ್ಲ ಸಾಕಾಗಿ ಮಿಗುತ್ತದೆ, ತಿನ್ನುವವರಿಲ್ಲ ಎಂದಳು. ನನ್ನ ಮಾತುಗಳನ್ನೇ ಒಂದೊಂದಾಗಿ ಹೆಕ್ಕಿ ಹೇಳುತ್ತಿದ್ದಳು. ನಡುವೆ ಸ್ಪಷ್ಟವಾಗಿ ಒಂದು ಆಡು ಕೂಗಿತು. ಅವಳ ಮನೆಯಲ್ಲಿ ಆಡು ಇಲ್ಲ. ನಗು ತಡೆದುಕೊಂಡು ಕೂಗಿದ ಆ ಆಡು ಯಾರೆಂದು ನನಗೆ ತಿಳಿಯದೆ ಇರುತ್ತದೆಯೇ? ನನ್ನ ಮುಂದಿನ ರಜೆಗೆ ಇನ್ನೂ ಒಂದು ವರ್ಷದ ಮೇಲಿತ್ತು. ಆ ಜಾಗಕ್ಕೆ ಟೇಪನ್ನು ಹಿಂದೆ ತಿರುಗಿಸಿ ಮತ್ತೆ ಹಾಕಿದೆ, ಇನ್ನೊಮ್ಮೆ ಹಾಕಿದೆ. ತಲೆ ಎತ್ತಿ ನೋಡಿದರೆ ಉಮ್ಮು ಸಾಲಿಮಳ ಮನೆಯಿಂದ ಕರಡಿ ಓಡಿಬಂದು ಟೇಪ್ ರೆಕಾರ್ಡರಿಗೆ ಕಿವಿಯೊಡ್ಡಿ ನಿಂತಿತ್ತು. ಅದರೊಳಗೆ ಆಡು ಇಲ್ಲವೆಂದು ಅದಕ್ಕೆ ಗೊತ್ತಿತ್ತೋ ಏನೋ, ನನಗಂತೂ ಗೊತ್ತಿತ್ತು. ಆದರೂ ಕತ್ತಲಾಗುವವರೆಗೆ ಇಬ್ಬರೂ ಅದರ ಮುಂದಿನಿಂದ ಏಳಲಿಲ್ಲ.