ಕೊಯ್ದು ಕೂಡಿಸಿದ ಕೈ, ಬಡಿದ ರೊಟ್ಟಿ

ಎರಡೂ ಕೈ ನೆಟ್ಟಗಿದ್ದವರಿಗೆ ಧೋತರದ ಕಚ್ಚೆ ಹಾಕುವುದು ಎಂಥ ದೊಡ್ಡ ವಿದ್ಯೆಯೆಂಬುದು ತಿಳಿಯುವುದಿಲ್ಲ. ನನಗೂ ತಿಳಿದಿರಲಿಲ್ಲ. ಮೂರನೇ ಇಯತ್ತೆಗೇ ಸಾಲೆ ಬಿಟ್ಟವನು ನಾನು. ಓದಿದವರ ಮುಂದೆ ಇಷ್ಟು ದಿನ ಎದೆಯುಬ್ಬಿಸಿ ನಡೆದದ್ದು ಈ ಬಲಗೈಯ ಧೈರ್ಯದ ಮೇಲೆ. ಯರೆಮಣ್ಣಿನಲ್ಲಿ ಹೂತ ಚಕ್ಕಡಿಯನ್ನು, ನಾಲ್ಕು ಮಂದಿ ಬರುವವರೆಗೆ ಕಾಯದೆ ಒಬ್ಬನೇ ಎತ್ತಲು ಹೋದದ್ದೂ ಅದೇ ಧೈರ್ಯದಿಂದ. ಚಕ್ಕಡಿ ಎದ್ದಿತು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಮುಂಗೈ ಎಲುಬು ಮಾತ್ರ ಮುರಿಯಿತು. ದೊಡ್ಡ ದವಾಖಾನೆಯಲ್ಲಿ ಕೊಯ್ದು, ಕೂಡಿಸಿ, ಹೊಲಿದು ನಮ್ಮೂರು ಯಾವಗಲ್ಲಿಗೆ ಹೋಗುವ ಮೋಟಾರು ಹತ್ತಿಸಿದರು.

ಮನೆಯಲ್ಲಿ ನನ್ನ ದರ್ಬಾರು ಅಂದೇ ಮುಗಿಯಿತು. ಎಡಗೈಯಲ್ಲಿ ಉಣ್ಣುವ ಹಾಗಿಲ್ಲ. ಹೆಂಡತಿ ಶಾಂತವ್ವ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಪಲ್ಯಕ್ಕೆ ಉಪ್ಪು ಕಡಿಮೆ ಎನ್ನಲು ಬಾಯಿ ತೆರೆದರೆ ಸಾಕು, ಇನ್ನೊಂದು ತುತ್ತು ಬಂದು ಕೂಡುತ್ತಿತ್ತು. ಅವಳು ಅಷ್ಟು ಖುಷಿಯಿಂದ ಊಟಕ್ಕಿಕ್ಕಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ನಿಜವಾದ ಚಿಂತೆ ಹತ್ತಿತು. ಬೆರಳುಗಳು ಕಟ್ಟಿಗೆಯಂತೆ ನಿಂತಿದ್ದವು. ಹಿಂಗಾರಿ ಬಿತ್ತನೆ ಹತ್ತಿರ ಬಂದಿತ್ತು. ಕೂರಿಗೆಯ ಬಟ್ಟಲಿಗೆ ಮುಷ್ಟಿಯಿಂದ ಜೋಳ ಬಿಡುವಾಗ ಬೆರಳು ಹದವಾಗಿ ಸಡಿಲಬೇಕು. ಹೆಚ್ಚು ಬಿದ್ದರೆ ಪೈರು ಒತ್ತಾಗುತ್ತದೆ, ಕಡಿಮೆಯಾದರೆ ಸಾಲು ಬೋಳು. ಆ ಕೆಲಸಕ್ಕೆ ಊರಲ್ಲಿ ನನ್ನಂಥ ಕೈ ಇಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ಅವರು ಮರೆತಾಗ ನಾನೇ ಹೇಳುತ್ತಿದ್ದೆ. ಡಾಕ್ಟರು ಬಟ್ಟೆಯ ಉಂಡೆಯೊಂದನ್ನು ದಿನವೂ ಹಿಚುಕಲು ಹೇಳಿದ್ದರು. ಗಂಡಸಾದವನು ಕಟ್ಟೆಯ ಮೇಲೆ ಕೂತು ಬಟ್ಟೆ ಹಿಚುಕುವುದೇ?

"ಅರಿವಿ ಹಿಚಕಾಕ ನಾಚಿಕಿ ಬಂದ್ರ ಹಿಟ್ಟ ನಾದ್ರಿ, ರೊಟ್ಟಿ ಬಡೀರಿ. ಬಿತ್ತೂದ್ರಾಗ ಬೆರಳ ಮಡಚಬೇಕೋ ಬ್ಯಾಡೋ?" ಅಂದಳು ಶಾಂತವ್ವ.

"ನಾ ರೊಟ್ಟಿ ಬಡೀಲೇನ? ಮಂದಿ ನೋಡಿದ್ರ?"

"ಬಾಗಲಾ ಹಾಕ್ತೀನಿ ತಗೋರಿ."

ಬಾಗಿಲು ಹಾಕಿದ್ದೇ ತಪ್ಪಾಯಿತು. ನಮ್ಮ ಕಡೆ ಹಾಡಹಗಲು ಯಾರೂ ಬಾಗಿಲು ಹಾಕುವುದಿಲ್ಲ. ಹಾಕಿದರೆ ಒಳಗೆ ಏನೋ ಅನಾಹುತವಾಗಿದೆಯೆಂದೇ ಲೆಕ್ಕ. ನನ್ನ ಕೈ ವಿಚಾರಿಸಲು ಬಂದ ಶಿರೋಳದ ಬೀಗರು, ಅಂದರೆ ಮಗಳ ಮಾವನವರು, ಬಾಗಿಲು ಕಂಡು ಗಾಬರಿಯಾಗಿ ಹಿತ್ತಲಿನಿಂದ ನುಗ್ಗಿದರು. ನಾನು ಒಲೆಯ ಮುಂದೆ, ಮೊಣಕೈವರೆಗೆ ಹಿಟ್ಟು. ಎದುರಿಗಿದ್ದ ರೊಟ್ಟಿ ಹೊಳೆಮಣ್ಣೂರಿನ ಹೊಳೆಯಂತೆ ಒಂದೇ ಕಡೆಗೆ ಉಕ್ಕಿ ಹೋಗಿತ್ತು.

"ಏನ್ರೀ ಬೀಗರ, ನಾ ಅಳಾಕ ತಯಾರಾಗಿ ಬಂದ್ರ ನೀವು ಇಲ್ಲಿ ಅಡಗಿ ಮಾಡಾಕತ್ತೀರಿ!"

"ಕೈಗೆ ಕಸರತ್ತರೀ. ಯಾರ ಮುಂದೂ ಹೇಳಬ್ಯಾಡ್ರಿ," ಎಂದು ಕೈ ಮುಗಿದೆ. ಹಿಟ್ಟು ಅವರ ಅಂಗಿಗೆ ಹಾರಿತು.

"ಬಾಯಿ ತುಂಬ ರೊಟ್ಟಿ ಇದ್ರ ನಾ ಹ್ಯಾಂಗ ಹೇಳ್ಲಿ? ಬಿಸೀದು ಈ ಕಡೆ ಬರ್ಲಿ," ಎಂದು ಅವರು ಮಣೆ ಎಳೆದುಕೊಂಡರು. ಸೊಟ್ಟಗಿದ್ದದ್ದನ್ನೂ ಬಿಡಲಿಲ್ಲ.

ದಿನಗಳೆದಂತೆ ಬೆರಳು ಮಡಚಿದವು, ರೊಟ್ಟಿ ದುಂಡಗಾದವು. ಬಿತ್ತನೆಗೆ ನಾನೇ ಕೂರಿಗೆ ಹಿಂದೆ ನಡೆದೆ. ಜೋಳ ಮೊಳೆತಾಗ ಸಾಲುಗಳು ಬಾಚಣಿಗೆಯಿಂದ ಬಾಚಿದಂತಿದ್ದವು. ಬದುವಿನ ಮೇಲೆ ನಿಂತ ಪಕ್ಕದ ಹೊಲದ ಈರಪ್ಪ, "ಖರೇ ಹೇಳೋ ಮಾರಾಯ, ಮುರದ ಕೈ ಇಷ್ಟ ಚಲೋ ಹ್ಯಾಂಗ ಆತು?" ಎಂದು ಕೇಳಿದ.

ಬುತ್ತಿ ತಂದಿದ್ದ ಶಾಂತವ್ವ ಹಿಂದೆಯೇ ನಿಂತಿದ್ದಳು. ಆದರೂ ಗತ್ತು ಬಿಡಬೇಕಲ್ಲ! "ದೊಡ್ಡ ಡಾಕ್ಟರ ಕೈಗುಣಪ್ಪಾ," ಅಂದೆ.

ಅವಳು ಬುತ್ತಿಯ ಗಂಟು ಬದುವಿನ ಮೇಲಿಟ್ಟು ಮನೆಯ ದಾರಿ ಹಿಡಿದಳು. ಮರುದಿನ ತಾಟಿನಲ್ಲಿ ಬರೀ ಪಲ್ಯ, ಚಟ್ನಿ.

"ರೊಟ್ಟಿ ಎಲ್ಲೈತಿ?"

"ದೊಡ್ಡ ಡಾಕ್ಟರ ಕಡೆ ಬಡಿಸ್ಕೊಂಡ ಬರ್ರಿ."

ಇದ್ದದ್ದು ಇದ್ದಂತೆ ಒಪ್ಪಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಎದ್ದು ಹಿಟ್ಟಿಗೆ ಬಿಸಿನೀರು ಸುರಿದೆ. ಒಪ್ಪಿಕೊಳ್ಳುವುದಕ್ಕಿಂತ ರೊಟ್ಟಿ ಬಡಿಯುವುದೇ ನನಗೆ ಇಂದಿಗೂ ಸುಲಭ.