ಆಕಾಶದ ಸಂತೆಯಲ್ಲಿ ಲುಕ್ಸಾನು

"ಕೇಳಮ್ಮಿ, ವ್ಯಾಪಾರ ಅನ್ನೋದು ಭೂಮಿ ಮ್ಯಾಲೂ ಒಂದೇ, ಆಕಾಸದಾಗೂ ಒಂದೇ. ಮೊದ್ಲು ನಿಂಗೊಂದು ಡಕೋಟ ಹಡಗು ಕೊಡ್ತಾರೆ. ಅದ್ರಾಗೆ ನಾಕು ಮೂಟೆ ಇಡೋವಷ್ಟು ಜಾಗ. ಕೈಗೆ ಸಾವ್ರ ರೂಪಾಯಿ. ಹೊಸಬ್ರು ಏನ್ ಮಾಡ್ತಾರೆ ಗೊತ್ತಾ? ಸಾವ್ರ ಕಂಡೇಟ್ಗೆ ಬಂದೂಕ ತಗತಾರೆ, ಹಡಗಿಗೆ ಬಣ್ಣ ಒಡುಸ್ತಾರೆ. ಅಲ್ಲಿಗೆ ಮುಳುಗೋದ್ರು. ನಾನು ಒಂದ್ ಪೈಸೆ ಬಿಚ್ಚಲಿಲ್ಲ. ಎಲ್ಲೆಲ್ಲಿ ಏನೇನು ಸಸ್ತಾ ಅಂತ ಸುಮ್ನೆ ಒಂದು ಸುತ್ತು ನೋಡ್ಕಂಡ್ ಬಂದೆ. ಆಮ್ಯಾಕೆ ತಿನ್ನೋ ಪದಾರ್ಥ ತಗಂಡೆ. ಯಾಕೆ? ಗಣಿ ತೋಡೋರು ಬೆಳೆ ಬೆಳೆಯಕಿಲ್ಲ, ಹೊಟ್ಟೆ ಮಾತ್ರ ಎಲ್ರಂಗೇ ಹಸೀತದೆ. ಓಗ್ವಾಗ್ಲೂ ಲೋಡು, ಬರ್ವಾಗ್ಲೂ ಲೋಡು, ಖಾಲಿ ಗಾಡಿ ಓಡುಸ್ಬಾರ್ದು. ದಾರೀಲಿ ಯಾವನಾದ್ರೂ 'ಎಣ್ಣೆ ಮುಗ್ದೋಯ್ತು, ಕಾಪಾಡ್ರಪ್ಪ' ಅಂತ ಕೂಗುದ್ರೆ ನಿಲ್ಲುಸ್ಬಾರ್ದು, ಅವ್ರು ಕಳ್ರು. ಇಷ್ಟೇ ಕಣಮ್ಮಿ ಇದ್ಯೆ. ಹತ್ತು ಲಕ್ಸಕ್ಕೆ ಒಂದು ದೊಡ್ಡ ಹಡಗೈತೆ, ಇನ್ನೂರು ಮೂಟೆ ಹಿಡೀತದೆ. ಅದನ್ನ ತಗಂಡ ದಿವ್ಸ ಈ ಸೂಜಿ, ಈ ಮಿಷನ್ನು, ಈ ಬಸ್ಸು, ಎಲ್ಲಕ್ಕೂ ಕೈ ಮುಗ್ದು ಮನೇಲಿ ಮನೀಕತೀನಿ. ಕೃಷ್ಣಪ್ಪ ಒಂದ್ ಮಾತು ಆಡುದ್ರೆ ಆಡ್ದಂಗೆ."

ನಾಲ್ಕು ತಿಂಗಳ ಹಿಂದೆ ಶಾಂತಿಗ್ರಾಮದಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಈ ಭಾಷಣ ನಡೆಯಿತು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, ಹಿಂದೆ ಕೂತಿರುವುದು ಯಾರೋ ಭಾರೀ ಸಾಹುಕಾರ ಇರಬೇಕೆಂದು ಸೆರಗು ಸರಿಮಾಡಿಕೊಂಡಳು. ಹೆಂಡತಿ ಚಿಕ್ಕಲಕ್ಷ್ಮಮ್ಮ ಮಾತ್ರ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಅಷ್ಟುದ್ದ ಭಾಷಣದಲ್ಲಿ ಅವಳ ಕಿವಿಗೆ ಬಿದ್ದದ್ದು ಕೊನೆಯ ಎರಡು ಮಾತು ಮಾತ್ರ.

ಕೃಷ್ಣಪ್ಪನ ಎರಡು ಕಿಡ್ನಿಯೂ ಕೈಕೊಟ್ಟು ಎರಡು ವರ್ಷವಾಗಿತ್ತು. ಸೋಮವಾರ, ಗುರುವಾರ ಹಾಸನದ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಡಯಾಲಿಸಿಸ್. ಎಡಗೈಗೆ ಸೂಜಿ ಚುಚ್ಚಿ, ಮೈಯ ರಕ್ತವನ್ನೆಲ್ಲ ಮಿಷನ್ನಿಗೆ ಬಿಟ್ಟು, ಸೋಸಿ ವಾಪಸು ಕೊಡುತ್ತಿದ್ದರು. ಪಕ್ಕದ ಮಂಚದಲ್ಲಿ ಧರ್ಮೇಂದ್ರ ಅಂತ ಒಬ್ಬ ಡ್ರೈವರು ಇದ್ದ. ಅವನು ಒಂದು ದಿನ "ನಂಗೆ ಸಾಕಾಯ್ತಣ್ಣ" ಅಂದು ಬರುವುದು ಬಿಟ್ಟ. ಬಿಟ್ಟ ಮೇಲೆ ಒಂಬತ್ತು ದಿನ ಇದ್ದ.

ಅದಾದ ಮೇಲೆ ಕೃಷ್ಣಪ್ಪನೂ "ನಂಗೂ ಸಾಕು" ಅನ್ನತೊಡಗಿದ. ಒಂದು ಗುರುವಾರ ಮಾತಾಡುತ್ತಾ ಮಾತಾಡುತ್ತಾ ಸೂಜಿ ಕಿತ್ತುಕೊಂಡು ಎದ್ದೇಬಿಟ್ಟ. ಗೋಡೆಯವರೆಗೂ ರಕ್ತ. ಅವತ್ತಿನಿಂದ ನರ್ಸಮ್ಮ ಚಿಕ್ಕಲಕ್ಷ್ಮಮ್ಮನಿಗೆ ಮಂಚದ ಪಕ್ಕದಲ್ಲೇ ಒಂದು ಸ್ಟೂಲು ಹಾಕಿಕೊಟ್ಟು, "ಈ ಯಜಮಾನ್ರನ್ನ ನೀವೇ ಕಾಯಿರಿ" ಅಂದರು. ಮಗ ಮನು ಗದರಿದ, ಸೊಸೆ ಅತ್ತಳು. ಕೃಷ್ಣಪ್ಪ ಯಾರ ಮಾತಿಗೂ ಬಗ್ಗಲಿಲ್ಲ.

ಬಗ್ಗಿಸಿದವನು ಗೌತಮ್. ಹಳ್ಳಿಮೈಸೂರಿನವನು, ಇಪ್ಪತ್ತಾರು ವರ್ಷ, ಹೊಳೆನರಸೀಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಕಿಡ್ನಿ ಹೋಗುವುದಕ್ಕೆ ವಯಸ್ಸು ಆಗಿರಬೇಕು ಅಂತೇನೂ ಇಲ್ಲವಲ್ಲ. ಧರ್ಮೇಂದ್ರನ ಮಂಚಕ್ಕೆ ಬಂದು ಮಲಗಿದ ಮೊದಲ ದಿನವೇ ಕೇಳಿದ.

"ತಾತ, ಸಾಯೋಕೆ ಅರ್ಜೆಂಟಾ? ಇಲ್ಲ ಅಂದ್ರೆ ಒಂದು ಆಟ ಆಡಿ."

ಹೀಗೆಂದು ತನ್ನ ಹಳೇ ಟ್ಯಾಬೊಂದನ್ನು ಕೈಗಿಟ್ಟ. ಆಟದಲ್ಲಿ ಒಂದು ಗ್ರಹದಲ್ಲಿ ಸಾಮಾನು ಕೊಳ್ಳಬೇಕು, ಇನ್ನೊಂದರಲ್ಲಿ ಮಾರಬೇಕು. ಕೃಷ್ಣಪ್ಪನ ಕಣ್ಣು ಅವತ್ತೇ ಅರಳಿತು. ಮೂವತ್ತು ವರ್ಷ ಟೆಂಪೋದಲ್ಲಿ ಆಲೂಗೆಡ್ಡೆ, ಹಸಿಮೆಣಸಿನಕಾಯಿ ಹೇರಿಕೊಂಡು ಸುತ್ತಮುತ್ತಲ ಸಂತೆಗಳನ್ನೆಲ್ಲ ತಿರುಗಿದ ಜೀವ ಅದು.

ಗ್ರಹಗಳ ಇಂಗ್ಲಿಷ್ ಹೆಸರು ಅವನ ನಾಲಗೆಗೆ ಹೊರಳಲಿಲ್ಲ. ಎಲ್ಲಕ್ಕೂ ಹೊಸದಾಗಿ ನಾಮಕರಣ ಮಾಡಿದ. ಹಸಿರು ಗ್ರಹ ಸಾಲಗಾಮೆ. ಗಣಿಯ ಕೆಂಪು ಗ್ರಹ ಅರಕಲಗೂಡು. ಸುತ್ತ ಉಂಗುರವಿದ್ದ ದೊಡ್ಡದು ಚನ್ನರಾಯಪಟ್ಟಣ. ಆಮೇಲೆ ಗೌತಮನಿಗೆ ಪ್ರಶ್ನೆಗಳು ಶುರುವಾದವು.

"ಅರಕಲಗೂಡಲ್ಲಿ ಸಂತೆ ಯಾವ್ ವಾರ?"

"ದಿನಾ ಇರುತ್ತೆ ತಾತ."

"ದಿನಾ ಇದ್ರೆ ಅದು ಸಂತೆ ಎಂಗಾದಾತು? ಓಗ್ಲಿ, ಕೊಸರು ಹಾಕೋ ಬಟನ್ ಎಲ್ಲೈತೆ?"

"ಕೊಸರಾ?"

"ನೂರು ಮೂಟೆ ತಗಂಡೋನಿಗೆ ಮ್ಯಾಲೊಂದು ಕೊಸರು ಕೊಡ್ದಿದ್ರೆ ನಾಳೀಕೆ ಬತ್ತಾನೇನ್ಲಾ?"

ಕೊಸರಿನ ಬಟನ್ ಇಲ್ಲವೆಂದು ತಿಳಿದು ಕೃಷ್ಣಪ್ಪ ಒಂದು ವಾರ ನೊಂದುಕೊಂಡ. ಆದರೂ ಬಸ್ಸು ತಪ್ಪಿಸಲಿಲ್ಲ. ಟ್ಯಾಬು ಆಸ್ಪತ್ರೆಯಲ್ಲಿ ಮಾತ್ರ ಎಂದು ಗೌತಮ್ ಕರಾರು ಹಾಕಿದ್ದ.

ಚಿಕ್ಕಲಕ್ಷ್ಮಮ್ಮನಿಗೆ ಮೊದಮೊದಲು ಗೌತಮನ ಕಾಲಿಗೆ ಬೀಳೋಣ ಅನ್ನಿಸುತ್ತಿತ್ತು. ಬರಬರುತ್ತಾ ಅವನ ಟ್ಯಾಬಿನ ಮೇಲೆ ಕಣ್ಣಿಡತೊಡಗಿದಳು. ಅವಳು ಓದಿದ್ದು ಎರಡನೇ ಕ್ಲಾಸು. ಇಂಗ್ಲಿಷ್ ಬಾರದಿದ್ದರೂ ಅಂಕಿ ಓದುವುದಕ್ಕೆ ಬರುತ್ತಿತ್ತು. ಪರದೆಯ ಮೂಲೆಯ ಅಂಕಿ ಒಂದು ಲಕ್ಷವಾಯಿತು, ನಾಲ್ಕಾಯಿತು, ಎಂಟಾಯಿತು. ಲೋಕದಲ್ಲಿ ಗಂಡನ ದುಡ್ಡು ಬೆಳೆದರೆ ಹೆಂಡತಿಗೆ ಬಳೆ ಬರುತ್ತದೆ. ಇಲ್ಲಿ ಹತ್ತು ಲಕ್ಷವಾದರೆ ಒಂಬತ್ತು ದಿನ.

ಹೀಗಿರುವಾಗ ಒಂದು ಸೋಮವಾರ ಕೃಷ್ಣಪ್ಪ ಮುಖ ಇಳಿಬಿಟ್ಟುಕೊಂಡು ಹೇಳಿದ. "ಕೆಡುಸ್ಬುಟ್ರು ಕಣಮ್ಮಿ. ದೊಡ್ಡ ಹಡಗಿನ ಬೆಲೆ ಏರ್ಸವ್ರೆ. ಹದಿನೈದು ಲಕ್ಸವಂತೆ."

"ಅಯ್ಯೋ, ಹಾಳಾದೋರು" ಅಂದಳು ಚಿಕ್ಕಲಕ್ಷ್ಮಮ್ಮ. ಏರಿಸಿದವನು ಯಾವ ತಾಯಿ ಮಗನೋ, ಅವನ ಹೊಟ್ಟೆ ತಣ್ಣಗಿರಲಿ ಎಂದು ಮನಸ್ಸಿನಲ್ಲೇ ಹರಸಿದಳು.

ಅದಾಗಿ ಎರಡು ತಿಂಗಳಿಗೆ, ಹೋದ ಸೋಮವಾರ, ಮೂಲೆಯ ಅಂಕಿ ಹದಿನಾಲ್ಕು ಲಕ್ಷದ ಎಂಬತ್ತಾರು ಸಾವಿರ ತೋರಿಸುತ್ತಿತ್ತು. ಮೂರನೇ ಗಂಟೆಗೆ ಕೃಷ್ಣಪ್ಪನ ಬಿಪಿ ಇಳಿಯಿತು. ಕಣ್ಣು ಎಳೆಯತೊಡಗಿತು.

"ಇದನ್ನ ಹಿಡ್ಕಂಡಿರು. ಏನೂ ಮುಟ್ಬ್ಯಾಡ. ಹಡಗಿನ ತುಂಬ ಔಷದಿ ಐತೆ. ನಾನೆದ್ದು ಚನ್ನರಾಯಪಟ್ಣದಲ್ಲಿ ಇಳ್ಸಿದ್ರೆ ಹದಿನೈದು ದಾಟ್ತು. ಅಲ್ಲಿಗೆ ಮುಗೀತು."

ಮುಗೀತು ಎಂದವನೇ ಬಾಯಿ ತೆರೆದು ನಿದ್ದೆ ಹೋದ. ಚಿಕ್ಕಲಕ್ಷ್ಮಮ್ಮ ಆ ತೆರೆದ ಬಾಯಿ ನೋಡಿದಳು. ಟ್ಯಾಬು ನೋಡಿದಳು. ಜೀವಮಾನದಲ್ಲಿ ಗಂಡನ ಗಂಟು ಮುಟ್ಟದವಳು, ಇವತ್ತು ಮುಳುಗಿಸಿಯೇ ತೀರಬೇಕೆಂದು ಸೆರಗು ಸಿಕ್ಕಿಸಿದಳು. ಲಾಭ ಮಾಡುವುದಕ್ಕಾದರೆ ಬುದ್ಧಿ ಬೇಕು, ಲುಕ್ಸಾನು ಮಾಡುವುದಕ್ಕೆ ಏನು ಮಹಾ ಎಂಬುದು ಅವಳ ಲೆಕ್ಕ.

"ಗೌತಮಪ್ಪ, ಈ ಹಡಗನ್ನ ಅರಕಲಗೂಡಿಗೆ ತಿರುಗ್ಸೋದು ಎಂಗಪ್ಪ?"

"ಅಲ್ಲಿ ಔಷಧಿ ಯಾರೂ ಕೇಳಲ್ಲ ಅಜ್ಜಿ. ತಾತ ಬೈತಾರೆ."

"ಬೈದ್ರೆ ನಂಗೆ. ನೀನು ಯೋಳು."

ಗೌತಮನ ಒಂದು ಕೈಗೂ ಸೂಜಿ. ಇನ್ನೊಂದು ಕೈಯಿಂದ ತೋರಿಸಿದ, ಇವಳು ಒತ್ತಿದಳು. ಹಡಗು ಅರಕಲಗೂಡು ಸೇರಿತು. ಕೇಳುವವರಿಲ್ಲದ ಊರಲ್ಲಿ ಸಿಕ್ಕ ಬೆಲೆಗೆ ಮಾರಿ ಕೈತೊಳೆಯೋಣವೆಂದು ಚಿಕ್ಕಲಕ್ಷ್ಮಮ್ಮ ಬಟನ್ ಒತ್ತಿದಳು. ಅಂಕಿ ಗರಗರ ತಿರುಗಿ ಹದಿನಾರು ಲಕ್ಷದ ಇಪ್ಪತ್ತು ಸಾವಿರಕ್ಕೆ ನಿಂತಿತು.

"ಇದೇನಪ್ಪಾ ಇದು?"

ಗೌತಮ್ ಕತ್ತು ಚಾಚಿ ಓದಿದ. "ಅಲ್ಲಿ ಇವತ್ತು ಬೆಳಗ್ಗೆ ಏನೋ ಜ್ವರ ಹರಡಿದೆಯಂತೆ. ಜನ ಸಾಯ್ತಾ ಇದಾರಂತೆ. ಅದಕ್ಕೆ ಮೂರು ಪಟ್ಟು ರೇಟು. ಅಜ್ಜಿ, ನಿಮ್ಮ ಕೈಗುಣ ಚೆನ್ನಾಗಿದೆ."

ಚಿಕ್ಕಲಕ್ಷ್ಮಮ್ಮ ಅಂಕಿಯನ್ನು ಎರಡು ಸಲ ಓದಿದಳು. ಹದಿನೈದು ದಾಟಿಯಾಗಿತ್ತು. ಗಂಡ ಎದ್ದರೆ ಕಥೆ ಅಲ್ಲಿಗೆ ಮುಗಿದಂತೆ. ಇನ್ನು ಮುಕ್ಕಾಲು ಗಂಟೆ ಇತ್ತು. ಅಂಗಡಿಯ ಚಿತ್ರಗಳಲ್ಲೆಲ್ಲ ಹೇಸಿಗೆಯಾಗಿ ಕಾಣುವುದನ್ನು ಹುಡುಕಿದಳು. ಒಂದು ಕಡೆ ಕಪ್ಪಗೆ, ನೊಣ ಮುತ್ತಿದ ಹಾಗೆ ಒಂದು ಗುಡ್ಡೆ ಇತ್ತು.

"ಇದೇನು?"

"ಕಸ ಅಜ್ಜಿ. ಊರಿನ ಕೊಳಕೆಲ್ಲ."

"ಒಂದು ಲಕ್ಸದ್ದು ಕೊಡ್ಲಿ."

"ಒಂದು ಲಕ್ಷದ ಕಸಾನಾ?"

"ಊಂ. ತುಂಬ್ಕಂಡು ಆ ಸಾಲಗಾಮೆ ಗ್ರಹಕ್ಕೆ ಓಗೋಣ. ಬೆಳೆ ಬೆಳೆಯೋ ಊರು, ಕಸ ಯಾರು ತಗತಾರೆ?"

ಹೇಳಿ ಮುಗಿಸುವಷ್ಟರಲ್ಲೇ ಅವಳಿಗೆ ಮನೆಯ ತಿಪ್ಪೆ ನೆನಪಾಯಿತು. ಐವತ್ತು ವರ್ಷ ದನದ ಸಗಣಿ ಬಾಚಿ ತಿಪ್ಪೆಗೆ ಹಾಕಿದ ಹೆಂಗಸು ತಾನು. ಟ್ರ್ಯಾಕ್ಟರ್ ಲೋಡು ಗೊಬ್ಬರಕ್ಕೆ ಊರಲ್ಲಿ ಏನು ರೇಟು ಎಂದು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದಳು. ಅಷ್ಟರಲ್ಲಿ ಹಡಗು ಸಾಲಗಾಮೆ ಮುಟ್ಟಿತ್ತು. ಆ ಊರಿನವರು ಮುಗಿಬಿದ್ದು ಕೊಂಡರು. ಅಂಕಿ ಹದಿನೆಂಟು ಲಕ್ಷ.

"ಅಜ್ಜಿ, ತಾತನಿಗೆ ನಾಲ್ಕು ವಾರ ಬೇಕಿತ್ತು ಇಷ್ಟು ಮಾಡೋಕೆ. ನೀವು ಮೊದಲೇ ಆಡಿದ್ರೆ..."

"ನೀನು ಬಾಯ್ ಮುಚ್ಕಂಡಿರಪ್ಪ."

ಸಂತೆಯಲ್ಲಿ ಗಂಡನ ಪಕ್ಕ ಕೂತು ಕೊಳೆತ ಗೆಡ್ಡೆ ಆರಿಸುತ್ತಿದ್ದ ಕಾಲದಲ್ಲಿ ಹತ್ತು ರೂಪಾಯಿ ಹೆಚ್ಚಿಗೆ ಹುಟ್ಟಲೆಂದು ಎಷ್ಟು ದೇವರಿಗೆ ಕೈ ಮುಗಿದಿದ್ದಳೋ. ಆಗ ಕಿವಿ ಕೇಳದ ದೇವರುಗಳಿಗೆಲ್ಲ ಈಗ ಒಟ್ಟಿಗೆ ಕಿವಿ ಬಂದಿತ್ತು.

ಕೃಷ್ಣಪ್ಪ ಒಮ್ಮೆ ಮುಲುಗಿ ಮಗ್ಗುಲು ಬದಲಿಸಲು ನೋಡಿದ. ನರ್ಸಮ್ಮ ಬಂದು ಮಿಷನ್ ನೋಡಿ, "ಇನ್ನು ಇಪ್ಪತ್ತು ನಿಮಿಷ" ಅಂದು ಹೋದರು. ಆ ಹೊತ್ತಿಗೆ ಸರಿಯಾಗಿ, ಸಾಲಗಾಮೆ ಬಿಟ್ಟು ಹೊರಟ ದಾರಿಯಲ್ಲಿ, ಪರದೆಯ ಮೇಲೆ ಒಂದು ಸಣ್ಣ ಹಡಗು ಮಿಣಮಿಣ ಅಂದಿತು.

"ಏನಂತೆ?"

"ಎಣ್ಣೆ ಮುಗಿದಿದೆ, ಹಡಗಲ್ಲಿ ಮಕ್ಕಳಿದಾವೆ, ಕಾಪಾಡಿ ಅಂತಿದಾರೆ. ಕಳ್ಳರು ಅಜ್ಜಿ. ಹೋಗ್ತಾ ಇರಿ."

"ಮಕ್ಕಳವೆ ಅಂತಾರಲ್ಲಪ್ಪ."

"ಯಾವ ಮಕ್ಕಳೂ ಇಲ್ಲ. ನಿಲ್ಲಿಸಬೇಡಿ. ಅಜ್ಜಿ, ಅದಲ್ಲ, ಅದು ನಿಲ್ಲಿಸೋದು..."

ನಿಲ್ಲಿಸಿದಳು. ನಾಲ್ಕು ಕಡೆಯಿಂದ ಕಪ್ಪು ಹಡಗುಗಳು ಬಂದು ಮುತ್ತಿದವು. ಪರದೆಯ ಮೇಲೆ ಮೂರು ಬಟನ್ ಎದ್ದವು. ಒಂದು ಹೊಡೆದಾಡುವುದಕ್ಕೆ, ಒಂದು ಓಡುವುದಕ್ಕೆ, ಒಂದು ಇದ್ದದ್ದೆಲ್ಲ ಕೊಟ್ಟು ಜೀವ ಉಳಿಸಿಕೊಳ್ಳುವುದಕ್ಕೆ.

"ಕೊಡೋದು ಯಾವ್ದು?"

"ಕೆಂಪುದು. ಅದನ್ನ ಮಾತ್ರ ಮುಟ್ಟಬೇಡಿ."

ಚಿಕ್ಕಲಕ್ಷ್ಮಮ್ಮ ಬೆರಳನ್ನು ಸೀರೆಗೆ ಒರೆಸಿಕೊಂಡು ಕೆಂಪುದನ್ನು ಮುಟ್ಟಿದಳು. ಮನೆಗೆ ಬಂದ ಬೀಗರಿಗೆ ತಾಂಬೂಲ ಕೊಡುವಾಗಲೂ ಅವಳು ಅಷ್ಟು ಮರ್ಯಾದೆಯಿಂದ ಕೈ ಚಾಚಿರಲಿಲ್ಲ. ಹದಿನೆಂಟು ಲಕ್ಷ ಹೋಯಿತು. ಹಡಗೂ ಹೋಯಿತು. ಮೂಲೆಯಲ್ಲಿ ಒಂದು ಸಾವಿರ ಅಂತ ಬಂತು, ನಡುವೆ ಪುಟಾಣಿ ಹಡಗೊಂದು ಬಂದು ನಿಂತಿತು. ಅವಳು ಸಿಕ್ಕಿಸಿದ್ದ ಸೆರಗು ಬಿಟ್ಟಳು.

ಕೃಷ್ಣಪ್ಪ ಕಣ್ಣು ಬಿಟ್ಟು ಕೈ ಚಾಚಿದ. ಟ್ಯಾಬು ನೋಡಿದ. ತಿರುಗಿಸಿ ನೋಡಿದ.

"ಏನಾಯ್ತು?"

"ಕಳ್ರು ಬಂದ್ರು."

"ದುಡ್ಡು?"

"ಓಯ್ತು."

"ಹಡಗು?"

"ಅದೂ ಓಯ್ತು. ಆ ಡಕೋಟ ಹಡಗು ತಾನೇ, ಓದ್ರೆ ಓಗ್ಲಿ ಬುಡಿ. ಇನ್ನೊಂದು ಅಂಥದ್ದೇ ಕೊಟ್ಟವ್ರೆ."

ಕೃಷ್ಣಪ್ಪ ಏನೋ ಹೇಳಲು ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಗೌತಮನ ಕಡೆ ನೋಡಿದ. ಗೌತಮ್ ಹೊದಿಕೆಯನ್ನು ಮೂಗಿನವರೆಗೂ ಎಳೆದುಕೊಂಡ. ಮೂವತ್ತು ವರ್ಷ ಸಂತೆಯಲ್ಲಿ ಕೂಗಿದ ಗಂಟಲಿನಿಂದ ಒಂದು ಸಣ್ಣ "ಊಂ" ಹೊರಟಿತು, ಅಷ್ಟೇ.

ಸೂಜಿ ತೆಗೆದು ನರ್ಸಮ್ಮ ಕೃಷ್ಣಪ್ಪನನ್ನು ತೂಕ ನೋಡಲು ಕರೆದುಕೊಂಡು ಹೋದರು. ಗೌತಮ್ ಹೊದಿಕೆ ಸರಿಸಿದ.

"ಬೇಕು ಅಂತಾನೇ ಮಾಡಿದ್ರಿ ಅಲ್ವಾ ಅಜ್ಜಿ?"

"ಊಂ ಕಣಪ್ಪ." ಚಿಕ್ಕಲಕ್ಷ್ಮಮ್ಮ ಕೂತಲ್ಲೇ ಸ್ವಲ್ಪ ಎತ್ತರವಾದಳು. "ದೊಡ್ಡ ಹಡಗು ತಗಂಡಿದ್ರೆ ನಾಳೆಯಿಂದ ಇಲ್ಲೀಗ್ ಬತ್ತಿರ್ಲಿಲ್ಲ. ಧರ್ಮೇಂದ್ರನ ಗತಿ ನೋಡ್ಲಿಲ್ವಾ? ಈಗ ಇನ್ನೊಂದಾರು ತಿಂಗಳು ಬತ್ತಾರೆ. ನಾನು ಓದಿಲ್ದೋಳು ಇರ್ಬೋದು, ದಡ್ಡಿ ಅಲ್ಲ."

ಗೌತಮ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ.

"ಅಜ್ಜಿ, ನೀವು ಕಳ್ಳರಿಗೆ ಕೊಟ್ಟಿದ್ದೇ ದೊಡ್ಡ ಹಡಗು."

"ಆಂ?"

"ತಾತ ಅದನ್ನ ತಗೊಂಡು ಎರಡು ತಿಂಗಳಾಯ್ತು. ಮೂಲೆಯ ಅಂಕಿ ಹಡಗಿನ ಬೆಲೆಯೂ ಸೇರಿದ್ದು, ಅದಕ್ಕೇ ತಗೊಂಡಾಗ ಇಳೀಲಿಲ್ಲ. ಬೆಲೆ ಯಾರೂ ಏರಿಸಿಲ್ಲ. ತಾತನೇ ಏರಿಸಿದ್ದು. 'ಗೌತಮಾ, ಇವಳ ಮುಂದೆ ಮಾತು ಕೊಟ್ಬುಟ್ಟಿವ್ನಿ, ಇವಳು ಮರೆಯಾಕಿಲ್ಲ. ಹದಿನೈದು ಅಂತೀನಿ, ನೀನೂ ಊಂ ಅನ್ನು' ಅಂದ್ರು. ಇವತ್ತು ಇಪ್ಪತ್ತು ಲಕ್ಷ ಮಾಡೋದು ಅಂತ ಬೆಳಗ್ಗೆನೇ ಮಾತಾಗಿತ್ತು."

ಚಿಕ್ಕಲಕ್ಷ್ಮಮ್ಮ ಸ್ಟೂಲಿನ ಅಂಚು ಹಿಡಿದುಕೊಂಡಳು. ಬಾಗಿಲಾಚೆ ತೂಕದ ಮಿಷನ್ ಮೇಲೆ ಕೃಷ್ಣಪ್ಪ ನಿಂತಿದ್ದ. ಪಂಚೆ ಸಡಿಲವಾಗಿತ್ತು. ಬದುಕಬೇಕು ಅಂತ ಬಾಯಿಬಿಟ್ಟು ಹೇಳಲಾರದೆ ಎರಡು ತಿಂಗಳು ಆಕಾಶದ ಬೆಲೆ ಏರಿಸಿಕೊಂಡು ಕೂತಿದ್ದ ಮನುಷ್ಯ. ಅವನ ಇನ್ನೂರು ಮೂಟೆಯ ಹಡಗನ್ನು ಡಕೋಟ ಅಂದು, ಕಳ್ಳರಿಗೆ ಧಾರೆ ಎರೆದು, ಮೇಲೆ ಸಮಾಧಾನ ಬೇರೆ ಹೇಳಿದ್ದಳು. ಪಾಪ, ಬಾಯಿ ತುಂಬ ಬೈಯುವ ಭಾಗ್ಯವೂ ಅವನಿಗಿರಲಿಲ್ಲ.

"ನಾನು ಬೇಕಂತ್ಲೇ ಮಾಡ್ದೆ ಅಂತ ಯೋಳ್ಬ್ಯಾಡ ಕಣಪ್ಪ."

"ನಾನು ಹೇಳಿದ್ದೂ ನೀವು ಹೇಳಬೇಡಿ."

ವಾಪಸು ಬರುವಾಗ ಬಸ್ಸಿನಲ್ಲಿ ಕೃಷ್ಣಪ್ಪ ಭಾಷಣ ಮಾಡಲಿಲ್ಲ. ಕಿಟಕಿಯ ಕಡೆ ಈಗ ಅವನು ಕೂತಿದ್ದ. ಊರು ಹತ್ತಿರವಾದಾಗ ಒಂದೇ ಮಾತಾಡಿದ.

"ನಿನ್ನ ಮೂವತ್ತು ವರ್ಸ ಸಂತೆಗೆ ಕರ್ಕಂಡ್ ಓಗಿದ್ದೇ ದಂಡ."

"ಊಂ" ಅಂದಳು.

ಮನೆಗೆ ಬಂದಾಗ ಹಾಲು ಕರೆಯುವ ಹೊತ್ತಾಗಿತ್ತು, ಹಸು ಕೂಗುತ್ತಿತ್ತು. ಕೃಷ್ಣಪ್ಪ ಜಗುಲಿಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದ. ಚಿಕ್ಕಲಕ್ಷ್ಮಮ್ಮ ಸೀರೆ ಬದಲಿಸಿ, ಕರೆಯುವ ಪಾತ್ರೆ ತೊಳೆದುಕೊಂಡು ಕೊಟ್ಟಿಗೆಗೆ ಹೊರಟಳು.

"ಲೇ, ಗುರುವಾರ ಬಸ್ಸು ಎಷ್ಟೊತ್ಗೆ?"

ಎರಡು ವರ್ಷದಿಂದ ಅದೇ ಬಸ್ಸು, ಅದೇ ಎಂಟು ಗಂಟೆ. ಕಂಡಕ್ಟರಿಗೆ ಮಗಳು ಹುಟ್ಟಿದ್ದು ಕೂಡ ಕೃಷ್ಣಪ್ಪನಿಗೆ ಗೊತ್ತಿತ್ತು.

"ಎಂಟು ಗಂಟ್ಗೆ" ಅಂದಳು, ಹೊಸದಾಗಿ ಕೇಳಿದವರಿಗೆ ಹೇಳುವ ಹಾಗೆ.

"ಒಸಿ ಬೇಗ್ನೇ ಎಬ್ಬಿಸು. ಸಾವ್ರ ರೂಪಾಯಿಂದ ಸುರು ಮಾಡ್ಬೇಕು."

ಅವಳು ಹಸುವಿನ ಮಗ್ಗುಲಲ್ಲಿ ಕುಕ್ಕುರುಗಾಲಲ್ಲಿ ಕೂತು, ಕೆಚ್ಚಲಿಗೆ ನೀರು ಚಿಮುಕಿಸಿ, ಹಾಲು ಕರೆಯತೊಡಗಿದಳು.